ಶಸ್ತ್ರ ಕೆಳಗಿಟ್ಟ ಸೇನಾನಿ

ಯುದ್ಧವನ್ನು ಆರಂಭಿಸುವುದು ಸುಲಭ. ಅದನ್ನು ಮುಗಿಸುವುದು ಕಷ್ಟ. ಗೆದ್ದವನಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದಿಲ್ಲ. ಸೋತವನಿಗೆ ಸೋಲನ್ನು ಒಪ್ಪಿಕೊಳ್ಳುವ ಮನಸ್ಸು ಬರುವುದಿಲ್ಲ. ಒಂದೇ ದೇಶದ ಜನ ಎರಡಾಗಿ ಒಡೆದು ಹೊಡೆದಾಡಿಕೊಳ್ಳುವ ಅಂತರ್ಯುದ್ಧದಲ್ಲಂತೂ ಈ ಕಷ್ಟ ಇಮ್ಮಡಿಯಾಗುತ್ತದೆ. ಪರದೇಶದ ಶತ್ರು ಯುದ್ಧ ಮುಗಿದ ಮೇಲೆ ತನ್ನ ನಾಡಿಗೆ ಹಿಂದಿರುಗುತ್ತಾನೆ. ಅಂತರ್ಯುದ್ಧದಲ್ಲಿ ಗೆದ್ದವರೂ ಸೋತವರೂ ಮತ್ತೆ ಅದೇ ನೆಲದಲ್ಲಿ, ಅಕ್ಕಪಕ್ಕದಲ್ಲಿಯೇ ಬಾಳಬೇಕಾಗುತ್ತದೆ. 1865ನೆಯ ಇಸವಿಯ ಏಪ್ರಿಲ್ 9ರಂದು ಅಮೆರಿಕದ ವರ್ಜೀನಿಯಾ ಸಂಸ್ಥಾನದ ಒಂದು ಸಣ್ಣ ಹಳ್ಳಿಯ ಬಳಿ ಸೋತ ಸೇನಾಪತಿಯೊಬ್ಬನು ಇಂಥ ಕಷ್ಟವನ್ನು ಎದುರಿಸಿ ನಿಂತಿದ್ದನು. ಶತ್ರುವಿಗೆ ಶರಣಾಗುವುದೋ, ಅಥವಾ ಸೈನ್ಯವನ್ನು ಕಾಡುಮೇಡುಗಳಿಗೆ ಚದುರಿಸಿ ಕಾದಾಟವನ್ನು ಮುಂದುವರಿಸುವುದೋ ಎಂಬುದನ್ನು ಅವನು ಕೆಲವೇ ಗಂಟೆಗಳಲ್ಲಿ ನಿರ್ಧರಿಸಬೇಕಾಗಿತ್ತು. ಆ ಸೇನಾಪತಿಯೇ ರಾಬರ್ಟ್ ಎಡ್ವರ್ಡ್ ಲೀ.

ಲೀಯು 1807ರ ಜನವರಿ 19ರಂದು ವರ್ಜೀನಿಯಾದ ಸ್ಟ್ರಾಟ್‌ಫರ್ಡ್ ಎಂಬಲ್ಲಿ ಜನಿಸಿದನು. ಅವನ ತಂದೆ ಹೆನ್ರಿ ಲೀ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಅಶ್ವದಳದ ನಾಯಕನಾಗಿ ಹೆಸರು ಗಳಿಸಿದ್ದವನು. ಜಾರ್ಜ್ ವಾಷಿಂಗ್ಟನ್ನನ ವಿಶ್ವಾಸಕ್ಕೆ ಪಾತ್ರನಾಗಿದ್ದವನು. ಮುಂದೆ ವರ್ಜೀನಿಯಾದ ಗವರ್ನರ್ ಪದವಿಗೂ ಏರಿದವನು. ಆದರೆ ಹಣದ ವಿಷಯದಲ್ಲಿ ವಿವೇಕವಿಲ್ಲದೆ ಸಾಲದಲ್ಲಿ ಮುಳುಗಿ ಸೆರೆಮನೆಯನ್ನೂ ಕಂಡನು. ರಾಬರ್ಟನು ಆರು ವರ್ಷದ ಬಾಲಕನಾಗಿದ್ದಾಗ ತಂದೆ ಮನೆಯನ್ನು ತೊರೆದು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೊರಟುಹೋದನು. ಮತ್ತೆ ಮನೆ ಸೇರಲೇ ಇಲ್ಲ. ತಾಯಿ ರೋಗಿಷ್ಠೆ. ಅವಳ ಶುಶ್ರೂಷೆಯ ಭಾರವೂ ಮನೆವಾರ್ತೆಯ ಭಾರವೂ ಬಾಲಕನ ಹೆಗಲಿಗೆ ಬಿದ್ದವು. ಕೀರ್ತಿಶಾಲಿಯಾದ ತಂದೆಯು ಹೊಣೆಗೇಡಿತನದಿಂದ ಕುಟುಂಬಕ್ಕೆ ತಂದ ದುಃಖವನ್ನು ಕಣ್ಣಾರೆ ಕಂಡ ಆ ಹುಡುಗನಲ್ಲಿ ಹೊಣೆಗಾರಿಕೆಯೆಂಬುದು ಎಳವೆಯಲ್ಲಿಯೇ ಬೇರೂರಿತು.

1825ರಲ್ಲಿ ಲೀಯು ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವನ್ನು ಸೇರಿದನು. ಅಲ್ಲಿನ ಶಿಸ್ತು ಬಹಳ ಕಟ್ಟುನಿಟ್ಟಿನದು. ಗುಂಡಿ ಸರಿಯಾಗಿ ಹಾಕದಿದ್ದರೂ, ಒಂದು ಕ್ಷಣ ತಡವಾಗಿ ಬಂದರೂ ವಿದ್ಯಾರ್ಥಿಯ ಹೆಸರಿನ ಮುಂದೆ ತಪ್ಪಿನ ಗುರುತು ಬೀಳುತ್ತಿತ್ತು. ಲೀಯು ನಾಲ್ಕು ವರ್ಷಗಳನ್ನು ಅಂಥ ಒಂದೇ ಒಂದು ಗುರುತೂ ಇಲ್ಲದೆ ಮುಗಿಸಿ, ತನ್ನ ತರಗತಿಗೆ ಎರಡನೆಯವನಾಗಿ ತೇರ್ಗಡೆಯಾದನು. ಬಳಿಕ ಸೈನ್ಯದ ಇಂಜಿನಿಯರ್ ವಿಭಾಗವನ್ನು ಸೇರಿ ಕೋಟೆಗಳನ್ನು ಕಟ್ಟುವ, ಮಿಸಿಸಿಪಿ ನದಿಯ ಪ್ರವಾಹವನ್ನು ತಿದ್ದಿ ಹಡಗುಗಳಿಗೆ ದಾರಿ ಮಾಡುವ ಕೆಲಸಗಳಲ್ಲಿ ತೊಡಗಿದನು. 1831ರಲ್ಲಿ ಮೇರಿ ಕಸ್ಟಿಸ್ ಎಂಬಾಕೆಯನ್ನು ವಿವಾಹವಾದನು. ಆಕೆ ವಾಷಿಂಗ್ಟನ್ನನ ಪತ್ನಿಯಾದ ಮಾರ್ಥಾಳ ವಂಶದವಳು. ವಾಷಿಂಗ್ಟನ್ ನಗರದ ಎದುರಿಗೆ, ಪೊಟೋಮ್ಯಾಕ್ ನದಿಯ ಆಚೆ ದಂಡೆಯ ದಿಬ್ಬದ ಮೇಲೆ ಇರುವ ಆರ್ಲಿಂಗ್ಟನ್ ಎಂಬ ಭವನ ಅವರ ಮನೆಯಾಯಿತು. ಅಲ್ಲಿ ಏಳು ಮಕ್ಕಳ ಸಂಸಾರ ಬೆಳೆಯಿತು.

1846ರಲ್ಲಿ ಅಮೆರಿಕಕ್ಕೂ ಮೆಕ್ಸಿಕೋ ದೇಶಕ್ಕೂ ಯುದ್ಧ ಆರಂಭವಾಯಿತು. ಆ ಯುದ್ಧದಲ್ಲಿ ಲೀಯು ಸೇನಾಪತಿ ಸ್ಕಾಟನ ಕೈಕೆಳಗೆ ದಾರಿಗಳನ್ನು ಹುಡುಕಿಕೊಡುವ ಕೆಲಸ ಮಾಡಿದನು. ಮೆಕ್ಸಿಕೋ ನಗರದ ಬಳಿಯ ಲಾವಾ ಕಲ್ಲಿನ ಬಯಲನ್ನು ಕಗ್ಗತ್ತಲೆಯಲ್ಲಿ, ಮಳೆ ಗುಡುಗುಗಳ ನಡುವೆ ದಾಟಿ ಸುದ್ದಿ ಮುಟ್ಟಿಸಿದ ಅವನ ಧೈರ್ಯವನ್ನು ಸ್ಕಾಟನು ಮುಕ್ತಕಂಠದಿಂದ ಹೊಗಳಿದನು. ಯುಲಿಸಿಸ್ ಗ್ರಾಂಟ್ ಎಂಬ ಯುವಕ ಅಧಿಕಾರಿಯೂ ಅದೇ ಸೈನ್ಯದಲ್ಲಿದ್ದನು. ಆಗ ಇಬ್ಬರೂ ಒಂದೇ ಬಾವುಟದ ಕೆಳಗಿದ್ದವರು. ಹದಿನೆಂಟು ವರ್ಷಗಳ ಬಳಿಕ ತಾವಿಬ್ಬರೂ ಎದುರುಬದುರು ಕುಳಿತು ಒಂದು ಮಹಾಯುದ್ಧವನ್ನು ಕೊನೆಗಾಣಿಸಬೇಕಾದೀತೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು.

ಅಮೆರಿಕದ ಸಂಯುಕ್ತ ಸಂಸ್ಥಾನಗಳನ್ನು ಒಳಗೊಳಗೇ ತಿನ್ನುತ್ತಿದ್ದ ರೋಗವೆಂದರೆ ಗುಲಾಮಗಿರಿ. ದಕ್ಷಿಣದ ಸಂಸ್ಥಾನಗಳಲ್ಲಿ ಹತ್ತಿ, ಹೊಗೆಸೊಪ್ಪುಗಳ ವಿಶಾಲವಾದ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತರಲ್ಪಟ್ಟ ಜನರ ಸಂತತಿಯವರು. ಅವರನ್ನು ದನಕರುಗಳಂತೆ ಕೊಳ್ಳುವುದೂ ಮಾರುವುದೂ ನಡೆದಿತ್ತು. ತಾಯಿಯನ್ನು ಒಬ್ಬನಿಗೂ ಮಗುವನ್ನು ಮತ್ತೊಬ್ಬನಿಗೂ ಮಾರುವುದು ಕಾನೂನಿಗೆ ಸಮ್ಮತವಾಗಿತ್ತು. 1860ರ ವೇಳೆಗೆ ಇಂಥ ಗುಲಾಮರ ಸಂಖ್ಯೆ ಸುಮಾರು 40 ಲಕ್ಷವನ್ನು ಮುಟ್ಟಿತ್ತು. ಉತ್ತರದ ಸಂಸ್ಥಾನಗಳಲ್ಲಿ ಈ ಪದ್ಧತಿ ಅಳಿದುಹೋಗಿತ್ತು. ಅದು ಹೊಸ ಪ್ರದೇಶಗಳಿಗೆ ಹರಡಬಾರದೆಂಬ ಕೂಗು ಅಲ್ಲಿ ಬಲವಾಗುತ್ತಿತ್ತು.

ಈ ವಿಷಯದಲ್ಲಿ ಲೀಯ ನಡತೆ ಕಳಂಕರಹಿತವಾದುದಲ್ಲ. ಗುಲಾಮಗಿರಿ ಕೆಡುಕೆಂದು ಅವನು 1856ರಲ್ಲಿ ಪತ್ನಿಗೆ ಬರೆದನು. ಆದರೆ ಅದರ ಅಂತ್ಯವನ್ನು ದೈವೇಚ್ಛೆಗೆ ಬಿಟ್ಟು ಕಾಯಬೇಕೆಂದೂ ಅದೇ ಪತ್ರದಲ್ಲಿ ಬರೆದನು. ಮರುವರ್ಷ ಅವನ ಮಾವ ತೀರಿಕೊಂಡಾಗ, ಗುಲಾಮರನ್ನೆಲ್ಲ ಐದು ವರ್ಷಗಳೊಳಗೆ ಬಿಡುಗಡೆ ಮಾಡಬೇಕೆಂಬ ಉಯಿಲು ಲೀಯ ಕೈಸೇರಿತು. ತಾವು ಆಗಲೇ ಸ್ವತಂತ್ರರೆಂದು ನಂಬಿದ್ದ ಆ ಜನರನ್ನು ಲೀಯು ಮಾವನ ಸಾಲ ತೀರಿಸುವುದಕ್ಕಾಗಿ ಅವಧಿ ಮುಗಿಯುವವರೆಗೂ ದುಡಿಸಿದನು. ಓಡಿಹೋಗಿ ಸಿಕ್ಕಿಬಿದ್ದ ಮೂವರನ್ನು ಅವನ ಆಜ್ಞೆಯಂತೆ ಚಾವಟಿಯಿಂದ ಹೊಡೆಯಲಾಯಿತೆಂದು ಅವರಲ್ಲೊಬ್ಬನಾದ ವೆಸ್ಲಿ ನಾರಿಸ್ ಮುಂದೆ ಹೇಳಿಕೆ ಕೊಟ್ಟನು. ಲೀಯ ಜೀವನವನ್ನು ಓದುವವರು ಈ ಸಂಗತಿಯನ್ನು ಮರೆಯಬಾರದು.

1860ರ ನವೆಂಬರಿನಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷನಾಗಿ ಚುನಾಯಿತನಾದನು. ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ಅವನ ಆಳ್ವಿಕೆಯಲ್ಲಿ ತಮ್ಮ ಪದ್ಧತಿ ಉಳಿಯದೆಂದು ಬಗೆದ ದಕ್ಷಿಣದ ಸಂಸ್ಥಾನಗಳು ಒಂದೊಂದಾಗಿ ಒಕ್ಕೂಟವನ್ನು ತ್ಯಜಿಸಿ ಬೇರೊಂದು ಸರ್ಕಾರವನ್ನು ಸ್ಥಾಪಿಸಿಕೊಂಡವು. ಜೆಫರ್ಸನ್ ಡೇವಿಸ್ ಅದರ ಅಧ್ಯಕ್ಷನಾದನು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಫಿರಂಗಿಗಳು ಗರ್ಜಿಸಿ ಯುದ್ಧ ಆರಂಭವಾಯಿತು. ಆರು ದಿನಗಳ ತರುವಾಯ ಲಿಂಕನ್ನನ ಕಡೆಯವರು ಒಕ್ಕೂಟದ ಸೈನ್ಯದ ನೇತೃತ್ವವನ್ನು ವಹಿಸಿಕೊಳ್ಳುವೆಯಾ ಎಂದು ಲೀಯನ್ನು ಕೇಳಿದರು. ಮೂವತ್ತಕ್ಕೂ ಹೆಚ್ಚು ವರ್ಷ ತೊಟ್ಟಿದ್ದ ಸಮವಸ್ತ್ರ ಒಂದು ಕಡೆ. ಒಕ್ಕೂಟವನ್ನು ತ್ಯಜಿಸಲು ಆಗಲೇ ಗೊತ್ತುವಳಿ ಮಾಡಿದ್ದ ತನ್ನ ವರ್ಜೀನಿಯಾ ಇನ್ನೊಂದು ಕಡೆ. ಒಕ್ಕೂಟ ಒಡೆಯುವುದು ಲೀಗೆ ಇಷ್ಟವಿರಲಿಲ್ಲ. ಆದರೂ ತನ್ನ ಬಂಧುಬಾಂಧವರ ಮೇಲೆ ಕತ್ತಿಯೆತ್ತಲಾರೆನೆಂದು ಹೇಳಿ ಏಪ್ರಿಲ್ 20ರಂದು ಹುದ್ದೆಗೆ ರಾಜೀನಾಮೆ ಕೊಟ್ಟನು. ಕೆಲವೇ ದಿನಗಳಲ್ಲಿ ವರ್ಜೀನಿಯಾದ ಸೈನ್ಯವನ್ನು ಸೇರಿದನು. ಅವನ ಸ್ವಂತ ಅಕ್ಕನ ಕುಟುಂಬವೇ ಒಕ್ಕೂಟದ ಪಕ್ಷದಲ್ಲಿ ಉಳಿಯಿತು. ಹೀಗೆ ಮನೆಮನೆಗಳು ಒಡೆದವು.

1862ರ ಜೂನ್ ತಿಂಗಳಿನಲ್ಲಿ ಉತ್ತರ ವರ್ಜೀನಿಯಾ ಸೈನ್ಯದ ದಂಡನಾಯಕತ್ವ ಲೀಗೆ ದೊರೆಯಿತು. ಅಲ್ಲಿಂದ ಮುಂದೆ ಒಂದು ವರ್ಷ ಕಾಲ ಅವನು ತನಗಿಂತ ಮಿಗಿಲಾದ ಬಲವುಳ್ಳ ಶತ್ರುವನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದನು. ಫ್ರೆಡರಿಕ್ಸ್‌ಬರ್ಗ್, ಚಾನ್ಸಲರ್ಸ್‌ವಿಲ್ ಕದನಗಳು ಅವನ ಹೆಸರನ್ನು ಎಲ್ಲೆಡೆಯೂ ಹಬ್ಬಿಸಿದವು. ಸೈನಿಕರು ಅವನನ್ನು ತಂದೆಯಂತೆ ಪ್ರೀತಿಸಿದರು. ಆದರೆ 1863ರ ಜುಲೈ ಮೊದಲ ಮೂರು ದಿನಗಳಲ್ಲಿ ಗೆಟಿಸ್‌ಬರ್ಗ್ ಎಂಬಲ್ಲಿ ನಡೆದ ಘೋರ ಕದನದಲ್ಲಿ ಅವನ ಅದೃಷ್ಟ ತಿರುಗಿತು. ಮೂರನೆಯ ದಿನ ಬಯಲಿಗೆ ನುಗ್ಗಿಸಿದ ಸುಮಾರು 12,000 ಮಂದಿಯಲ್ಲಿ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಸಿಕ್ಕಿದರು. ಹಿಂದಿರುಗಿ ಬಂದವರನ್ನು ಎದುರುಗೊಂಡು ಲೀಯು ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡನು. ಆ ಬಳಿಕ ತನ್ನ ಸ್ಥಾನವನ್ನು ಬಿಟ್ಟುಕೊಡಲು ಸಿದ್ಧನೆಂದು ಡೇವಿಸನಿಗೆ ಬರೆದನು. ಡೇವಿಸನು ಅದಕ್ಕೆ ಒಪ್ಪಲಿಲ್ಲ.

1864ರಲ್ಲಿ ಗ್ರಾಂಟನು ಉತ್ತರದ ಸೈನ್ಯಗಳ ಮಹಾದಂಡನಾಯಕನಾದನು. ಅವನು ಹಿಡಿದ ಪಟ್ಟನ್ನು ಸಡಿಲಿಸುವವನಲ್ಲ. ಎಷ್ಟೇ ಸಾವುನೋವುಗಳಾದರೂ ಹಿಂದೆಗೆಯದೆ ಲೀಯನ್ನು ಪೀಟರ್ಸ್‌ಬರ್ಗ್ ನಗರದವರೆಗೆ ಅಟ್ಟಿಕೊಂಡು ಬಂದು ಮುತ್ತಿಗೆ ಹಾಕಿದನು. ಒಂಬತ್ತು ತಿಂಗಳಿಗೂ ಮೀರಿ ಎರಡೂ ಸೈನ್ಯಗಳು ಕಂದಕಗಳಲ್ಲಿ ಎದುರುಬದುರಾಗಿ ಕುಳಿತವು. ದಕ್ಷಿಣದ ಸೈನಿಕರಿಗೆ ಹೊಟ್ಟೆಗೆ ಹಿಟ್ಟಿಲ್ಲ, ಕಾಲಿಗೆ ಜೋಡಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸವಿದ್ದಾರೆಂಬ ಕಾಗದಗಳನ್ನು ಓದಿ ಅನೇಕರು ರಾತ್ರಿಯ ಹೊತ್ತಿನಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದರು. 1865ರ ಏಪ್ರಿಲ್ 2ರಂದು ಲೀಯ ವ್ಯೂಹ ಮುರಿಯಿತು. ಪೀಟರ್ಸ್‌ಬರ್ಗನ್ನೂ ರಾಜಧಾನಿಯಾದ ರಿಚ್ಮಂಡನ್ನೂ ಬಿಟ್ಟು ಅವನು ಪಶ್ಚಿಮಕ್ಕೆ ಹಿಮ್ಮೆಟ್ಟಿದನು.

ದಾರಿಯಲ್ಲಿ ಅಮೀಲಿಯ ಎಂಬ ಊರಿನಲ್ಲಿ ಸೈನ್ಯಕ್ಕೆ ಪಡಿ ಸಿದ್ಧವಾಗಿರುವುದೆಂದು ಲೀ ನಂಬಿದ್ದನು. ಹೋಗಿ ನೋಡಿದರೆ ಅಲ್ಲಿ ಆಹಾರವಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಕಾಳುಕಡಿ ಹುಡುಕುವುದರಲ್ಲಿ ಒಂದು ದಿನ ವ್ಯರ್ಥವಾಯಿತು. ಆ ಒಂದು ದಿನದಲ್ಲಿ ಶತ್ರು ಸಮೀಪಿಸಿದನು. ಏಪ್ರಿಲ್ 6ರಂದು ಸೈಲರ್ಸ್ ಕ್ರೀಕ್ ಎಂಬ ಹಳ್ಳದ ಬಳಿ ಅವನ ಸೈನ್ಯದ ದೊಡ್ಡ ಭಾಗವೇ ಕೈಬಿಟ್ಟಿತು. ಸುಮಾರು 7,700 ಮಂದಿ ಸತ್ತು, ಗಾಯಗೊಂಡು ಅಥವಾ ಸೆರೆಯಾಗಿ ನಷ್ಟವಾದರು. ಸೆರೆಸಿಕ್ಕಿದವರಲ್ಲಿ ಲೀಯ ಹಿರಿಯ ಮಗನೂ ಒಬ್ಬ. ಮರುದಿನ ಗ್ರಾಂಟನಿಂದ ಶರಣಾಗತಿಯನ್ನು ಸೂಚಿಸುವ ಪತ್ರ ಬಂದಿತು. ಲೀಯು ಕೂಡಲೇ ಒಪ್ಪಲಿಲ್ಲ, ಷರತ್ತುಗಳೇನೆಂದು ಕೇಳಿದನು. ಅಪೊಮಾಟಕ್ಸ್ ರೈಲು ನಿಲ್ದಾಣದಲ್ಲಿ ತನಗಾಗಿ ಬಂದು ನಿಂತಿದ್ದ ಆಹಾರದ ಗಾಡಿಗಳನ್ನು ಮುಟ್ಟಬಹುದೆಂಬ ಆಸೆ ಅವನಿಗಿನ್ನೂ ಇತ್ತು. ಏಪ್ರಿಲ್ 8ರ ಸಂಜೆ ಆ ಗಾಡಿಗಳೂ ಉತ್ತರದ ಅಶ್ವದಳದ ವಶವಾದವು. 9ರಂದು ಭಾನುವಾರ ಬೆಳಗಿನ ಜಾವ ಲೀಯ ಸೈನಿಕರು ಕೊನೆಯ ಬಾರಿ ಮುನ್ನುಗ್ಗಿದರು. ಎದುರಿಗಿದ್ದ ಅಶ್ವದಳ ಸರಿಯಿತು. ಆದರೆ ಅದರ ಹಿಂದೆ ಕಾಲಾಳುಗಳ ದಟ್ಟ ಸಾಲುಗಳು ಕಾಣಿಸಿಕೊಂಡವು. ಮುಂದೆ ಶತ್ರು, ಹಿಂದೆಯೂ ಶತ್ರು. ದಾರಿ ಮುಚ್ಚಿಹೋಗಿತ್ತು.

ಆ ಬೆಳಗಿನಲ್ಲಿ ಲೀಯ ಮನಸ್ಸು ಅನುಭವಿಸಿದ ಸಂಕಟ ಹೇಳತೀರದು. ಗ್ರಾಂಟನ ಬಳಿಗೆ ಹೋಗುವುದಕ್ಕಿಂತ ಸಾವಿರ ಬಾರಿ ಸಾಯುವುದೇ ಮೇಲೆಂದು ಅವನಿಗೆ ಅನ್ನಿಸಿತು. ಕುದುರೆಯೇರಿ ಸಾಲಿನ ಮುಂದೆ ಸಾಗಿದರೆ ಸಾಕು, ಶತ್ರುವಿನ ಒಂದು ಗುಂಡು ತನ್ನನ್ನು ಈ ಅವಮಾನದಿಂದ ಪಾರುಮಾಡುವುದೆಂದು ಅವನು ಆಪ್ತರೊಡನೆ ಆಡಿಕೊಂಡನು. ಆದರೆ ಮರುಕ್ಷಣವೇ, ತಾವೆಲ್ಲ ಸತ್ತರೆ ದಕ್ಷಿಣದ ಹೆಂಗಸರು ಮಕ್ಕಳನ್ನು ಕಾಯುವವರಾರೆಂಬ ಯೋಚನೆ ಅವನನ್ನು ತಡೆಯಿತು. ಸಾವು ಅವನೊಬ್ಬನಿಗೆ ಬಿಡುಗಡೆಯಾಗಬಹುದಿತ್ತು; ಅವನನ್ನು ನಂಬಿ ಬಂದವರಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಅದೇ ವೇಳೆಗೆ ಪೋರ್ಟರ್ ಅಲೆಕ್ಸಾಂಡರ್ ಎಂಬ ಫಿರಂಗಿದಳದ ಅಧಿಕಾರಿಯು ಲೀಯ ಬಳಿಗೆ ಬಂದನು. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ; ಬುದ್ಧಿವಂತ, ವೀರ. ಶರಣಾಗತಿಯ ಮಾತು ಕೇಳಿ ಅವನ ರಕ್ತ ಕುದಿಯುತ್ತಿತ್ತು. ಶರಣಾಗುವುದರ ಬದಲು ಸೈನಿಕರೆಲ್ಲ ಬಂದೂಕುಗಳೊಡನೆ ಮೊಲಗಳಂತೆ ಪೊದೆಗಳ ನಡುವೆ ಚದುರಿಹೋಗಲಿ. ಕೆಲವರು ಬೇರೆಡೆಯಲ್ಲಿರುವ ಜಾನ್‌ಸ್ಟನ್ನನ ಸೈನ್ಯವನ್ನು ಕೂಡಿಕೊಳ್ಳಲಿ. ಉಳಿದವರು ತಮ್ಮ ತಮ್ಮ ಸಂಸ್ಥಾನಗಳಿಗೆ ಮರಳಿ ಗವರ್ನರರ ಆಜ್ಞೆಗೆ ಒಳಪಟ್ಟು ಹೋರಾಟವನ್ನು ಮುಂದುವರಿಸಲಿ ಎಂದು ಅವನು ಸೂಚಿಸಿದನು. ಇಷ್ಟು ವರ್ಷ ರಕ್ತ ಸುರಿಸಿದ ಸೈನ್ಯಕ್ಕೆ ಷರತ್ತಿಲ್ಲದ ಶರಣಾಗತಿಯ ಅವಮಾನವಾದರೂ ತಪ್ಪಲೆಂಬುದು ಅವನ ಹಂಬಲವಾಗಿತ್ತು.

ಈ ಸಲಹೆ ಹುಚ್ಚುಮಾತಾಗಿರಲಿಲ್ಲ. ಎದುರಿಗೆ ನಿಂತು ಹೋರಾಡುವ ಬಲವಿಲ್ಲದವರು ಸಣ್ಣ ಸಣ್ಣ ತಂಡಗಳಾಗಿ ಮರೆಯಲ್ಲಿದ್ದು ಹಠಾತ್ತನೆ ಮೇಲೆ ಬಿದ್ದು, ಶತ್ರು ಎಚ್ಚರಗೊಳ್ಳುವಷ್ಟರಲ್ಲಿ ಮಾಯವಾಗುವ ಕ್ರಮಕ್ಕೆ ಗೆರಿಲ್ಲಾ ಯುದ್ಧವೆಂದು ಹೆಸರು. ಬಲಿಷ್ಠವಾದ ಸೈನ್ಯಗಳನ್ನು ಇಂಥ ಯುದ್ಧದಿಂದ ಬಳಲಿಸಿದ ಉದಾಹರಣೆಗಳು ಇತಿಹಾಸದಲ್ಲಿ ಇಲ್ಲದಿಲ್ಲ. ದಕ್ಷಿಣದ ನಾಡು ವಿಶಾಲವಾದುದು. ಬೆಟ್ಟ, ಕಾಡು, ಜೌಗುಗಳಿಂದ ತುಂಬಿದುದು. ಬಂದೂಕು ಹಿಡಿಯಬಲ್ಲ ಸಹಸ್ರಾರು ಜನ ಅಲ್ಲಿದ್ದರು. ಅಧ್ಯಕ್ಷ ಡೇವಿಸನು ಐದು ದಿನಗಳ ಹಿಂದೆಯಷ್ಟೇ ಒಂದು ಪ್ರಕಟಣೆಯನ್ನು ಹೊರಡಿಸಿ, ನಗರಗಳನ್ನು ಕಾಯುವ ಹೊರೆ ಕಳೆದುದರಿಂದ ಸೈನ್ಯವು ಇನ್ನು ಎಲ್ಲಿ ಬೇಕಾದರೂ ಸಂಚರಿಸಿ ಹೋರಾಡಬಹುದೆಂದು ಸಾರಿದ್ದನು. ಲೀಯು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು; ಸಾವಿರಾರು ಮಂದಿ ಕಾಡು ಸೇರುತ್ತಿದ್ದರು.

ಲೀಯು ಯುವಕನ ಮಾತನ್ನು ತಾಳ್ಮೆಯಿಂದ ಕೇಳಿದನು. ಹಾಗೆ ಚದುರಿದರೆ ಎಷ್ಟು ಮಂದಿ ತಪ್ಪಿಸಿಕೊಂಡಾರೆಂದು ಕೇಳಿ ತಿಳಿದುಕೊಂಡನು. ಅಷ್ಟು ಜನರಿಂದ ಯುದ್ಧದ ಫಲ ಬದಲಾಗುವುದಿಲ್ಲವೆಂದು ತೋರಿಸಿಕೊಟ್ಟನು. ಬಳಿಕ ಮುಂದಾಗುವುದನ್ನು ವಿವರಿಸಿದನು. ಚದುರಿದ ಸೈನಿಕರಿಗೆ ಪಡಿಯಿಲ್ಲ. ಅವರನ್ನು ಹತೋಟಿಯಲ್ಲಿಡುವ ಅಧಿಕಾರಿಗಳಿಲ್ಲ. ಹೊಟ್ಟೆಪಾಡಿಗಾಗಿ ಅವರು ಸುಲಿಗೆ ಮಾಡಲೇಬೇಕಾಗುತ್ತದೆ, ಯೋಧರು ದರೋಡೆಗಾರರಾಗುತ್ತಾರೆ. ಅವರನ್ನು ಬೆನ್ನಟ್ಟುವ ಶತ್ರುವಿನ ಅಶ್ವದಳ ಈವರೆಗೆ ಕಾಲಿಡದ ಊರುಗಳನ್ನೂ ಹೊಕ್ಕು ಹಾಳುಗೆಡವುತ್ತದೆ. ಆ ಅನರ್ಥದಿಂದ ನಾಡು ಚೇತರಿಸಿಕೊಳ್ಳಲು ಬಹುವರ್ಷಗಳು ಬೇಕಾದಾವು. ಬೇಕಾದರೆ ಯುವಕರು ಪೊದೆಗಳಲ್ಲಿ ಅವಿತು ಹೊಡೆದಾಡಬಹುದು. ತನಗಾದರೋ ಗ್ರಾಂಟನ ಬಳಿಗೆ ಹೋಗಿ ತನ್ನ ಕಾರ್ಯಗಳ ಫಲವನ್ನು ಅನುಭವಿಸುವುದೊಂದೇ ಗೌರವದ ದಾರಿಯೆಂದು ಹೇಳಿ ಮುಗಿಸಿದನು. ಅಲೆಕ್ಸಾಂಡರನಿಗೆ ಉತ್ತರ ತೋಚಲಿಲ್ಲ. ತನ್ನ ಯೋಚನೆ ಸೈನ್ಯದ ಮಾನವನ್ನು ಕುರಿತದ್ದಾಗಿತ್ತು, ಲೀಯ ಯೋಚನೆ ಸೈನ್ಯದಾಚೆಗಿನ ಜನರನ್ನು ಕುರಿತದ್ದಾಗಿತ್ತು ಎಂಬುದನ್ನು ಅರಿತು ನಾಚಿಕೊಂಡನು.

ಲೀಯ ಈ ಎಣಿಕೆ ಬರಿಯ ಊಹೆಯಾಗಿರಲಿಲ್ಲ. ಗೆರಿಲ್ಲಾ ಯುದ್ಧ ಹೇಗಿರುತ್ತದೆಂಬುದನ್ನು ಪಶ್ಚಿಮದ ಮಿಸೌರಿ, ಕಾನ್ಸಾಸ್ ಗಡಿಯ ಜನ ಆಗಲೇ ಕಂಡಿದ್ದರು. 1863ರ ಆಗಸ್ಟ್ 21ರಂದು ಕ್ವಾಂಟ್ರಿಲ್ ಎಂಬವನ ನಾಯಕತ್ವದಲ್ಲಿ ದಕ್ಷಿಣದ ಪಕ್ಷದ ಗೆರಿಲ್ಲಾಗಳು ಲಾರೆನ್ಸ್ ಎಂಬ ಊರಿನ ಮೇಲೆ ಬಿದ್ದು ಸುಮಾರು 150 ಮಂದಿ ಗಂಡಸರನ್ನೂ ಹುಡುಗರನ್ನೂ ಕೊಂದು ಮನೆಗಳಿಗೆ ಬೆಂಕಿಯಿಟ್ಟರು. ಅದಕ್ಕೆ ಪ್ರತಿಯಾಗಿ ಒಕ್ಕೂಟದ ಸೈನ್ಯವು ಮಿಸೌರಿಯ ಗಡಿನಾಡಿನ ಸಾವಿರಾರು ಜನರನ್ನು ಹೊರದೂಡಿತು. ಅವರ ಮನೆಮಠಗಳು ಸುಟ್ಟು ಬೂದಿಯಾದವು. ಇಂಥ ತಂಡಗಳಲ್ಲಿ ಬೆಳೆದ ಹುಡುಗರಲ್ಲಿ ಕೆಲವರು ಯುದ್ಧ ಮುಗಿದ ಮೇಲೂ ಬಂದೂಕನ್ನು ಬಿಡಲಾರದೆ ಬ್ಯಾಂಕುಗಳನ್ನೂ ರೈಲುಗಳನ್ನೂ ಲೂಟಿ ಮಾಡುವ ಕಳ್ಳರಾದರು. ಜೆಸ್ಸಿ ಜೇಮ್ಸ್ ಎಂಬ ಕುಪ್ರಸಿದ್ಧ ದರೋಡೆಗಾರ ಅಂಥವರಲ್ಲೊಬ್ಬ. ಒಂದು ಗಡಿನಾಡಿಗೆ ಬಂದ ಈ ಗತಿ ಇಡೀ ದಕ್ಷಿಣಕ್ಕೆ ಬರಬಹುದಾಗಿತ್ತು.

ಆ ದಿನ ಮಧ್ಯಾಹ್ನ ಅಪೊಮಾಟಕ್ಸ್ ಹಳ್ಳಿಯಲ್ಲಿ ವಿಲ್ಮರ್ ಮೆಕ್ಲೀನ್ ಎಂಬವನ ಮನೆಯಲ್ಲಿ ಇಬ್ಬರು ಸೇನಾಪತಿಗಳೂ ಕೂಡಿದರು. ಈ ಮೆಕ್ಲೀನನ ಕಥೆಯೂ ವಿಚಿತ್ರವಾದುದು. 1861ರಲ್ಲಿ ಯುದ್ಧದ ಮೊದಲ ದೊಡ್ಡ ಕದನ ಅವನ ಹೊಲದ ಸುತ್ತಲೇ ನಡೆದಿತ್ತು. ಆ ಬಳಿಕ ಅವನು ಆ ಊರನ್ನು ತೊರೆದು ಬಂದು ಈ ಮೂಲೆಯ ಹಳ್ಳಿಯಲ್ಲಿ ನೆಲಸಿದ್ದನು. ಯುದ್ಧದ ಕೊನೆ ಅವನ ನಡುಮನೆಯನ್ನೇ ಹುಡುಕಿಕೊಂಡು ಬಂದಿತು. ಲೀಯು ಒಳ್ಳೆಯ ಸಮವಸ್ತ್ರವನ್ನು ಧರಿಸಿ, ಸೊಂಟಕ್ಕೆ ಖಡ್ಗವನ್ನು ಕಟ್ಟಿ ಬಂದಿದ್ದನು. ಗ್ರಾಂಟನದು ಸಾಮಾನ್ಯ ಸಿಪಾಯಿಯ ಅಂಗಿ, ಬೂಟುಗಳಿಗೆಲ್ಲ ಕೆಸರು. ಗೆದ್ದವನು ಯಾರು, ಸೋತವನು ಯಾರು ಎಂಬುದು ಅಪರಿಚಿತನಿಗೆ ತಿಳಿಯುವಂತಿರಲಿಲ್ಲ. ಗ್ರಾಂಟನು ಮೆಕ್ಸಿಕೋ ಯುದ್ಧದ ಹಳೆಯ ದಿನಗಳನ್ನು ನೆನೆದು ಮಾತಿಗಾರಂಭಿಸಿದನು. ಬಂದ ಕಾರ್ಯವನ್ನು ಲೀಯೇ ಜ್ಞಾಪಿಸಬೇಕಾಯಿತು.

ಗ್ರಾಂಟನು ತನ್ನ ಕೈಯಿಂದಲೇ ಷರತ್ತುಗಳನ್ನು ಬರೆದನು. ಸೈನಿಕರು ಆಯುಧಗಳನ್ನು ಒಪ್ಪಿಸಿ, ಇನ್ನು ಹೋರಾಡುವುದಿಲ್ಲವೆಂದು ವಚನ ಕೊಟ್ಟು ಮನೆಗೆ ಹೋಗಬಹುದು. ವಚನವನ್ನೂ ಕಾನೂನನ್ನೂ ಪಾಲಿಸುವವರೆಗೆ ಸರ್ಕಾರ ಅವರ ತಂಟೆಗೆ ಬರುವುದಿಲ್ಲ. ಅಧಿಕಾರಿಗಳು ತಮ್ಮ ಖಡ್ಗ, ಪಿಸ್ತೂಲು, ಸ್ವಂತ ಕುದುರೆಗಳನ್ನು ಇಟ್ಟುಕೊಳ್ಳಬಹುದು. ಯಾರನ್ನೂ ಸೆರೆಮನೆಗೆ ನೂಕುವ ಮಾತಿರಲಿಲ್ಲ. ತನ್ನ ಕಡೆ ಸಾಮಾನ್ಯ ಸವಾರರ ಕುದುರೆಗಳೂ ಅವರವರ ಸ್ವಂತದವೆಂದು ಲೀ ತಿಳಿಸಿದಾಗ, ಬೇಸಾಯದ ಕಾಲ ಸಮೀಪಿಸಿದೆ, ಉಳುಮೆಗೆ ಅವು ಬೇಕಾದಾವೆಂದು ಎಣಿಸಿ ಅವುಗಳನ್ನೂ ಕೊಂಡೊಯ್ಯಲು ಗ್ರಾಂಟನು ಅನುಮತಿ ಕೊಟ್ಟನು. ದಕ್ಷಿಣದ ಸೈನಿಕರು ಕೆಲವು ದಿನಗಳಿಂದ ಹುರಿದ ಮೆಕ್ಕೆಜೋಳವನ್ನು ತಿಂದು ಬದುಕಿದ್ದರು. ಅದನ್ನು ತಿಳಿದು 25,000 ಜನರಿಗಾಗುವಷ್ಟು ಪಡಿಯನ್ನು ಕಳುಹಿಸಲು ಅಪ್ಪಣೆ ಮಾಡಿದನು. ಷರತ್ತುಗಳ ಅಚ್ಚುಕಟ್ಟಾದ ಪ್ರತಿಯನ್ನು ಬರೆದವನು ಗ್ರಾಂಟನ ಪರಿವಾರದಲ್ಲಿದ್ದ ಎಲಿ ಪಾರ್ಕರ್. ಅವನು ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನಾಂಗಕ್ಕೆ ಸೇರಿದವನು.

ಲೀಯು ಹೊರಬಂದು ಟ್ರಾವೆಲರ್ ಎಂಬ ತನ್ನ ಬೂದುಬಣ್ಣದ ಕುದುರೆಯನ್ನೇರಿದಾಗ ಗ್ರಾಂಟನು ಟೊಪ್ಪಿಗೆ ತೆಗೆದು ವಂದಿಸಿದನು. ಉತ್ತರದ ಪಾಳೆಯದಲ್ಲಿ ವಿಜಯದ ತೋಪುಗಳು ಹಾರತೊಡಗಿದುವು; ಗ್ರಾಂಟನು ಕೂಡಲೇ ಅವನ್ನು ನಿಲ್ಲಿಸಿದನು. ಸೋತವರು ಈಗ ಮತ್ತೆ ತಮ್ಮ ದೇಶಬಾಂಧವರಾದರು, ಅವರ ಪತನವನ್ನು ಸಂಭ್ರಮಿಸುವುದು ಸಲ್ಲದೆಂಬುದು ಅವನ ಭಾವನೆಯಾಗಿತ್ತು. ಇತ್ತ ಲೀಯ ಸೈನಿಕರು ಅವನ ಕುದುರೆಯ ಸುತ್ತ ನೆರೆದು ಕಣ್ಣೀರಿಟ್ಟರು. ತನ್ನಿಂದಾದಷ್ಟನ್ನು ಅವರಿಗಾಗಿ ಮಾಡಿರುವುದಾಗಿಯೂ, ಇನ್ನು ಮನೆಗಳಿಗೆ ಹೋಗಿ ಒಳ್ಳೆಯ ಪ್ರಜೆಗಳಾಗಿ ಬಾಳಬೇಕೆಂದೂ ಅವನು ಹೇಳಿದನು. ಮೂರು ದಿನಗಳ ತರುವಾಯ ಆಯುಧಗಳನ್ನು ಒಪ್ಪಿಸುವ ಸಮಾರಂಭ ನಡೆಯಿತು. ಸೋತ ಸೈನ್ಯ ಸಾಲಾಗಿ ಬರುತ್ತಿರಲು ಉತ್ತರದ ಅಧಿಕಾರಿ ಚೇಂಬರ್ಲಿನ್ ತನ್ನವರಿಂದ ಸೈನಿಕ ವಂದನೆ ಮಾಡಿಸಿದನು. ಎದುರಿನವರೂ ಹಾಗೆಯೇ ಪ್ರತಿವಂದನೆ ಮಾಡಿದರು. ಸುಮಾರು 28,000 ಮಂದಿ ವಚನಪತ್ರಗಳನ್ನು ಪಡೆದು ಊರುಗಳತ್ತ ನಡೆದರು.

ಯುದ್ಧ ಅಂದೇ ಎಲ್ಲೆಡೆ ನಿಲ್ಲಲಿಲ್ಲ. ಏಪ್ರಿಲ್ 14ರ ರಾತ್ರಿ ಘಾತುಕನೊಬ್ಬನು ಲಿಂಕನ್ನನಿಗೆ ಗುಂಡಿಟ್ಟನು; ಮರುದಿನ ಬೆಳಿಗ್ಗೆ ಆ ಮಹಾನುಭಾವನು ಅಸುನೀಗಿದನು. ಉತ್ತರದಲ್ಲೆಲ್ಲ ಸೇಡಿನ ಕಿಚ್ಚು ಹೊತ್ತಿತು. ಇಂಥ ಸಮಯದಲ್ಲಿ, ಏಪ್ರಿಲ್ 20ರಂದು, ಲೀಯು ಡೇವಿಸನಿಗೆ ಪತ್ರ ಬರೆದು, ಗೆರಿಲ್ಲಾ ಯುದ್ಧದಿಂದ ಜನರಿಗೆ ಸಂಕಟ, ನಾಡಿಗೆ ವಿನಾಶ ಒದಗುವುದೇ ಹೊರತು ಗುರಿ ಸಾಧಿಸುವ ಭರವಸೆಯಿಲ್ಲವೆಂದು ತಿಳಿಸಿ, ಹೋರಾಟವನ್ನು ನಿಲ್ಲಿಸುವಂತೆ ಸಲಹೆ ಮಾಡಿದನು. ಡೇವಿಸನಿಗೆ ಮಾತ್ರ ಹೋರಾಡುವ ಛಲವಿನ್ನೂ ಉಳಿದಿತ್ತು. ಆದರೆ ಉತ್ತರ ಕರೋಲಿನಾದಲ್ಲಿದ್ದ ಜಾನ್‌ಸ್ಟನ್ನನು ಅವನ ಆಜ್ಞೆಯನ್ನು ಬದಿಗೊತ್ತಿ ಏಪ್ರಿಲ್ 26ರಂದು 80,000ಕ್ಕೂ ಹೆಚ್ಚು ಸೈನಿಕರೊಡನೆ ಶರಣಾದನು. ಮೇ 10ರಂದು ಡೇವಿಸನು ಸೆರೆಸಿಕ್ಕಿದನು. ಜೂನ್ ಕೊನೆಯ ವೇಳೆಗೆ ದಕ್ಷಿಣದ ಸೈನ್ಯಗಳೆಲ್ಲ ಆಯುಧಗಳನ್ನಿಳಿಸಿದುವು. ಆರು ಲಕ್ಷಕ್ಕೂ ಮಿಕ್ಕಿದ ಪ್ರಾಣಗಳನ್ನು ಬಲಿತೆಗೆದುಕೊಂಡ ಯುದ್ಧ ಹೀಗೆ ಮುಗಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ದೇಶದಲ್ಲೆಲ್ಲ ರದ್ದಾಯಿತು.

ಶರಣಾದ ಲೀಗೆ ಮನೆಯೂ ಇರಲಿಲ್ಲ. ಆರ್ಲಿಂಗ್ಟನ್ ಭವನವನ್ನು ಸರ್ಕಾರ ವಶಪಡಿಸಿಕೊಂಡು ಅದರ ನೆಲವನ್ನು ಯುದ್ಧದಲ್ಲಿ ಮಡಿದವರ ರುದ್ರಭೂಮಿಯಾಗಿ ಮಾಡಿತ್ತು. ಜೂನ್ ತಿಂಗಳಿನಲ್ಲಿ ಅವನ ಮೇಲೆ ರಾಜದ್ರೋಹದ ಆಪಾದನೆ ಬಂದಿತು. ಆಗ ಅವನ ನೆರವಿಗೆ ನಿಂತವನು ಗ್ರಾಂಟ್. ತಾನು ಕೊಟ್ಟ ಮಾತನ್ನು ಸರ್ಕಾರ ಮುರಿಯುವುದಾದರೆ ಹುದ್ದೆಯನ್ನೇ ತ್ಯಜಿಸುವೆನೆಂದು ಅವನು ಸ್ಪಷ್ಟಪಡಿಸಿದ್ದರಿಂದ ಲೀಯ ಬಂಧನ ತಪ್ಪಿತು. ದಕ್ಷಿಣದ ಕೆಲವು ಪ್ರಮುಖರು ದೇಶ ಬಿಟ್ಟು ಮೆಕ್ಸಿಕೋ ಮುಂತಾದೆಡೆಗಳಿಗೆ ಹೊರಟರು. ಲೀಯು ಅದಕ್ಕೆ ಒಪ್ಪದೆ, ತನ್ನ ಜನರ ಪಾಡೇ ತನ್ನ ಪಾಡೆಂದು ಅಲ್ಲಿಯೇ ಉಳಿದನು. ಕ್ಷಮಾಪಣೆಗೆ ಅರ್ಜಿ ಸಲ್ಲಿಸಿ, ಒಕ್ಕೂಟಕ್ಕೆ ನಿಷ್ಠೆಯ ಪ್ರತಿಜ್ಞೆಗೂ ಸಹಿ ಮಾಡಿ ಇತರರಿಗೆ ಮೇಲ್ಪಂಕ್ತಿಯಾದನು.

1865ರ ಅಕ್ಟೋಬರಿನಲ್ಲಿ ಅವನು ಲೆಕ್ಸಿಂಗ್ಟನ್ ಊರಿನ ವಾಷಿಂಗ್ಟನ್ ಕಾಲೇಜಿನ ಮುಖ್ಯಸ್ಥನಾದನು. ಯುದ್ಧದಿಂದ ಜರ್ಜರಿತವಾಗಿದ್ದ ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟಿದ್ದರು. ಐದು ವರ್ಷಗಳಲ್ಲಿ ಲೀಯು ಅದನ್ನು ಮತ್ತೆ ಕಟ್ಟಿದನು. ಹಳೆಯ ಭಾಷಾಪಾಠಗಳ ಜೊತೆಗೆ ವಿಜ್ಞಾನ, ಇಂಜಿನಿಯರಿಂಗ್ ಮೊದಲಾದ ಬದುಕಿಗೆ ಬೇಕಾದ ವಿದ್ಯೆಗಳನ್ನು ಬೆಳೆಸಿದನು. ಸೈನ್ಯದ ಕಟ್ಟಳೆಗಳನ್ನು ಅಲ್ಲಿಗೆ ತರಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ಸಭ್ಯನಾಗಿ ನಡೆಯಬೇಕೆಂಬುದೊಂದೇ ತನ್ನ ನಿಯಮವೆಂದನು. ಗೆಟಿಸ್‌ಬರ್ಗಿನಲ್ಲಿ ಯುದ್ಧದ ಸ್ಮಾರಕಗಳನ್ನು ನಿಲ್ಲಿಸುವ ಕಾರ್ಯಕ್ಕೆ 1869ರಲ್ಲಿ ಆಹ್ವಾನ ಬಂದಾಗ, ಯುದ್ಧದ ಹುಣ್ಣುಗಳನ್ನು ಮಾಯಲು ಬಿಡುವುದೇ ಮೇಲೆಂದು ತಿಳಿಸಿ ನಿರಾಕರಿಸಿದನು. 1870ರ ಅಕ್ಟೋಬರ್ 12ರಂದು, ತನ್ನ 63ನೆಯ ವಯಸ್ಸಿನಲ್ಲಿ, ಅವನು ಆ ಊರಿನಲ್ಲಿಯೇ ನಿಧನನಾದನು. ಅವನ ಪ್ರತಿಜ್ಞಾಪತ್ರ ನೂರು ವರ್ಷ ಕಡತಗಳಲ್ಲಿ ಹುದುಗಿದ್ದು 1970ರಲ್ಲಿ ದೊರೆಯಿತು. 1975ರಲ್ಲಿ ಅಮೆರಿಕದ ಸರ್ಕಾರ ಅವನ ಪೌರತ್ವವನ್ನು ಮರಳಿ ಕೊಟ್ಟಿತು.

ಲೀಯ ಜೀವನವನ್ನು ತೂಗಿನೋಡುವಾಗ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. ಅವನು ಹೋರಾಡಿದ ಪಕ್ಷ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹುಟ್ಟಿದ ಪಕ್ಷ. ಯುದ್ಧಾನಂತರವೂ, ಬಿಡುಗಡೆ ಹೊಂದಿದ ಕರಿಯರಿಗೆ ಮತದಾನದ ಹಕ್ಕು ಆಗಲೇ ಸಲ್ಲದೆಂದು ಅವನು 1866ರಲ್ಲಿ ಸಾಕ್ಷ್ಯ ನುಡಿದನು. ದಕ್ಷಿಣದ ಸೈನಿಕರಾಗಿದ್ದ ಕೆಲವರು ಮುಂದೆ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತಕೂಟವನ್ನು ಕಟ್ಟಿಕೊಂಡು ಆ ಬಡಜನರನ್ನು ಹಿಂಸಿಸಿದರು. ಲೀ ಸ್ಮಾರಕಗಳನ್ನು ಬಯಸದಿದ್ದರೂ ಅವನ ಅಭಿಮಾನಿಗಳು 1890ರಲ್ಲಿ ರಿಚ್ಮಂಡಿನಲ್ಲಿ ಅವನ ಬೃಹತ್ ಪ್ರತಿಮೆಯನ್ನು ನಿಲ್ಲಿಸಿದರು. ಗುಲಾಮರ ವಂಶಜರಿಗೆ ಅದು ನೋವಿನ ಗುರುತಾಗಿತ್ತು. 2021ರಲ್ಲಿ ಅದನ್ನು ಇಳಿಸಲಾಯಿತು.

ಆದರೂ ಆ ಏಪ್ರಿಲ್ ತಿಂಗಳ ಬೆಳಗಿನಲ್ಲಿ ಅವನು ಮಾಡಿದ ನಿರ್ಧಾರಕ್ಕೆ ಅದರದೇ ಆದ ಬೆಲೆಯಿದೆ. ನಾಲ್ಕು ವರ್ಷ ಯುದ್ಧ ನಡೆಸಿದ ಅವನಿಗೆ ಇನ್ನೂ ಹತ್ತು ವರ್ಷ ಅದನ್ನು ಎಳೆಯುವ ಶಕ್ತಿಯಿತ್ತು. ಆ ಶಕ್ತಿಯನ್ನು ಅವನು ಬಳಸಲಿಲ್ಲ. ತನ್ನ ಹೆಸರಿಗೆ ಬರುವ ಅವಮಾನವನ್ನು ನುಂಗಿಕೊಂಡು, ನಂಬಿದವರನ್ನು ಜೀವಸಹಿತ ಮನೆಗೆ ಕಳುಹಿಸಿದನು. ಅವನ ಶರಣಾಗತಿ ಸಾರ್ಥಕವಾದುದಕ್ಕೆ ಗ್ರಾಂಟನ ಔದಾರ್ಯವೂ ಕಾರಣ. ಸೋಲನ್ನು ಒಪ್ಪುವ ವಿವೇಕ, ಗೆಲುವಿನಲ್ಲಿ ತೋರುವ ಕರುಣೆ ಎರಡೂ ಆ ನಡುಮನೆಯಲ್ಲಿ ಕೂಡಿದವು. ಬಂದೂಕುಗಳನ್ನು ಕೆಳಗಿಟ್ಟ ಸಾವಿರಾರು ಮಂದಿ ಕುದುರೆಗಳನ್ನು ನೇಗಿಲಿಗೆ ಹೂಡಿದುದು ಆ ವಸಂತದಲ್ಲಿಯೇ.